ಮೊದಲು ನೆರಳು ದಾಟಲಿ

೨೦೬೧ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಎರಡು ಗಂಟೆ ಹತ್ತು ನಿಮಿಷಕ್ಕೆ, ಗಂಗೊಳ್ಳಿಯ ನಾವಿಕ ಕುಟುಂಬಗಳ ಸಂಘದ ಕಚೇರಿಯಲ್ಲಿ ನೆರಳುಸೇತು ಕೆಲಸ ಶುರುಮಾಡಿತು. ಗೋಡೆಯ ಪರದೆಯ ಎಡಬದಿಗೆ ಹನ್ನೊಂದು ಮನೆಗಳವರು ಒಟ್ಟುಮಾಡಿದ ಹಣವಿತ್ತು, ಬಲಬದಿಗೆ ಸಾವಿರಾರು ಮೈಲಿ ದೂರದ ಒಂದು ಬಂದರು. ನಡುವೆ ಬೂದುಬಣ್ಣದ ಗೆರೆಯೊಂದು ನಿಧಾನವಾಗಿ ಬೆಳೆಯುತ್ತಿತ್ತು. ಹಣ ಇನ್ನೂ ಕದಲಿರಲಿಲ್ಲ. ದಾಟುತ್ತಿದ್ದದ್ದು ಅದರ ನೆರಳು ಮಾತ್ರ.

ಸಂಘದ ಕಾರ್ಯದರ್ಶಿ ಧನ್ವಿತಾ ಆ ಗೆರೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳ ತಮ್ಮ ಪ್ರಣೀತನೂ ಸೇರಿ ಹನ್ನೊಂದು ಮಂದಿ ದುಡಿಯುತ್ತಿದ್ದ ಸರಕು ಹಡಗನ್ನು ಮಾಲೀಕ ದಿವಾಳಿಯೆದ್ದು ಕೈಬಿಟ್ಟು ಎರಡು ತಿಂಗಳಾಗಿತ್ತು. ಹಡಗು ದಡದಿಂದ ದೂರ ಲಂಗರು ಹಾಕಿ ನಿಂತಿತ್ತು. ಬಂದರಿನ ಬಾಕಿ ಸಲ್ಲದೆ ಯಾರೂ ಇಳಿಯುವಂತಿರಲಿಲ್ಲ. ಕುಡಿಯುವ ನೀರು ಐದು ದಿನಕ್ಕಾಗುವಷ್ಟಿತ್ತು. ನಮ್ಮ ಸಮಯ ನಾಲ್ಕು ಗಂಟೆಯೊಳಗೆ ಬಾಕಿ ಸಂದರೆ ಆವತ್ತೇ ಬಂದರಿನ ದೋಣಿ ಹೋಗಿ ಎಲ್ಲರನ್ನೂ ಕರೆತರುತ್ತಿತ್ತು. ತಪ್ಪಿದರೆ ಮುಂದಿನ ದೋಣಿ ಒಂಬತ್ತು ದಿನ ಬಿಟ್ಟು.

ಸಂಘದ ಹಣ ಕರಾವಳಿಯ ಸಹಕಾರಿ ಬ್ಲಾಕ್‌ಚೈನಿನಲ್ಲಿತ್ತು. ಬ್ಲಾಕ್‌ಚೈನೆಂದರೆ ಸಾವಿರಾರು ಕಂಪ್ಯೂಟರುಗಳು ಒಟ್ಟಾಗಿ ಬರೆದಿಡುವ, ಬರೆದ ಮೇಲೆ ಯಾರೂ ಅಳಿಸಲಾಗದ ಲೆಕ್ಕದ ಸರಪಳಿ. ಬಂದರು ತನ್ನದೇ ಇನ್ನೊಂದು ಸರಪಳಿಯ ನಾಣ್ಯವನ್ನಷ್ಟೇ ತೆಗೆದುಕೊಳ್ಳುತ್ತಿತ್ತು. ಒಂದು ಸರಪಳಿಗೆ ಇನ್ನೊಂದರ ಗುರುತಿಲ್ಲ. ಹಾಗಾಗಿ ಈಚೆ ಹಣಕ್ಕೆ ಬೀಗ ಜಡಿದು ಆಚೆ ಅಷ್ಟೇ ಬೆಲೆಯ ನಾಣ್ಯ ಕೊಡುವ ಸೇತುವೆಗಳು ಬೇಕಾಗುತ್ತಿದ್ದವು. ಕಳ್ಳರು ಹೊಂಚು ಹಾಕುತ್ತಿದ್ದದ್ದೂ ಅಲ್ಲೇ. ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದನೆಯ ಸಾಲೇ ಖಾತೆಯ ವಿಳಾಸ; ತಪ್ಪು ವಿಳಾಸಕ್ಕೆ ಹೋದ ಹಣವನ್ನು ಹಿಂದಕ್ಕೆ ತರಿಸುವ ಶಕ್ತಿ ಯಾವ ಬ್ಯಾಂಕಿಗೂ ಯಾವ ಠಾಣೆಗೂ ಇರಲಿಲ್ಲ.

ಧಾರವಾಡದ ಡಾ. ಶಾಕಿರಾ ಮುಲ್ಲಾ ಇದಕ್ಕೆ ಮದ್ದು ಹುಡುಕಿದ್ದರು. ಅವರ ಯಂತ್ರ ನೆರಳುಸೇತು ಎರಡೂ ಸರಪಳಿಗಳ ಪಡಿಯಚ್ಚನ್ನು ತನ್ನೊಳಗೇ ಕಟ್ಟಿಕೊಂಡು, ಅದರ ಮೇಲೆ ಹಣದ ನೆರಳನ್ನು ಕೊನೆಯವರೆಗೂ ನಡೆಸುತ್ತಿತ್ತು. ಆಚೆಯವರು ಹಣ ಪಡೆದು ರಸೀತಿ ಕೊಡುವ ತನಕ. ರಸೀತಿ ಹುಟ್ಟಿದರೆ ಮಾತ್ರ ನಿಜವಾದ ಹಣ ಹೊರಡುತ್ತಿತ್ತು. ಇದಕ್ಕೆಲ್ಲ ನಲವತ್ತು ನಿಮಿಷ ಹಿಡಿಯುತ್ತಿತ್ತು. ಪರೀಕ್ಷೆಗೆಂದು ಅವರು ಕರಾವಳಿಯಲ್ಲಿ ಕೊಟ್ಟಿದ್ದ ಒಂದೇ ಯಂತ್ರ ಗಂಗೊಳ್ಳಿಯಲ್ಲಿತ್ತು.

ಎರಡು ಐವತ್ತಕ್ಕೆ ಗೆರೆ ಬಲದಂಚನ್ನು ಮುಟ್ಟಿ, ಅಲ್ಲೇ ನಿಂತು, ಹಿಂದಕ್ಕೆ ಸರಿಯತೊಡಗಿತು. ನೆರಳು ಮರಳಿತ್ತು.

ಧನ್ವಿತಾ ಧಾರವಾಡಕ್ಕೆ ಫೋನು ಹಚ್ಚಿದಳು. ಡಾ. ಶಾಕಿರಾ ಎಲ್ಲ ಕೇಳಿಸಿಕೊಂಡು, ಹಣ ತಲುಪುತ್ತದೆ, ರಸೀತಿ ಮಾತ್ರ ಹುಟ್ಟುತ್ತಿಲ್ಲ ಎಂದರು. ಬಂದರಿನ ಕಂಪ್ಯೂಟರು ಕೆಟ್ಟಿರಬಹುದು, ಇಲ್ಲವೇ ವಿಳಾಸ ಬಂದರಿನದ್ದೇ ಅಲ್ಲದಿರಬಹುದು.

"ಎರಡರಾಗ ಯಾವುದಂತ ನನ್ನ ಯಂತ್ರ ಹೇಳೂದಿಲ್ರಿ," ಎಂದರು. "ಅದನ್ನ ನೀವೇ ತಿಳಕೋಬೇಕು."

ಅಷ್ಟರಲ್ಲಿ ಹಡಗಿನ ಏಜೆಂಟರಿಂದ ಸಂದೇಶ ಬಂತು. ಎರಡು ವಾರದಿಂದ ಎಲ್ಲ ವ್ಯವಹಾರ ನೋಡಿಕೊಂಡವರು ಅವರೇ, ಆ ಬೆಳಿಗ್ಗೆ ಬಂದರಿನ ವಿಳಾಸ ಕಳಿಸಿದವರೂ ಅವರೇ. ಹೊತ್ತು ಮೀರುತ್ತಿದೆ, ಬೇರೊಂದು ಸೇತುವೆ ಹನ್ನೊಂದು ಸೆಕೆಂಡಿನಲ್ಲಿ ಮುಟ್ಟಿಸುತ್ತದೆ, ಕೊಂಡಿ ಇಲ್ಲಿದೆ, ಒತ್ತಿ ಎಂದಿತ್ತು.

ಸಂಘದ ಖಜಾಂಚಿ ಸುಕೇಶಣ್ಣನ ಮಗ ಅದೇ ಹಡಗಿನಲ್ಲಿದ್ದ. ಅವರು ಕುರ್ಚಿಯಿಂದ ಎದ್ದುಬಂದರು.

"ಹನ್ನೊಂದ್ ಸೆಕೆಂಡ್ ಅಂಬ್ರ್, ಧನ್ವಿತಾ. ಅಲ್ಲ್ ಮಕ್ಳಿಗೆ ಕುಡುಕೆ ನೀರಿಲ್ಲೆ. ನೀನ್ ಎಂತಕ್ ಕಾಯ್ತಾ ಕೂಕಂಡಿದ್ದೆ?"

ಅವಳ ಬೆರಳು ಕೊಂಡಿಯ ಮೇಲೆಯೇ ಇತ್ತು. ಒತ್ತಿದ್ದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ. ಆದರೆ ಏಜೆಂಟರ ಮಾತಿನಲ್ಲಿ ಈವರೆಗೆ ಇಷ್ಟು ಅವಸರ ಕಂಡದ್ದೇ ಇಲ್ಲ. ಬಂದರಿನವರು ಹಡಗಿಗೆ ತಡೆ ಹಾಕಿದ ದಿನ ಚುಕ್ಕಾಣಿ ಕೋಣೆಯ ಗಾಜಿಗೆ ನೋಟೀಸು ಅಂಟಿಸಿ ಹೋಗಿದ್ದಾರೆ, ಬಾಕಿ ಎಲ್ಲಿಗೆ ಕಟ್ಟಬೇಕೆಂದು ಅದರಲ್ಲೇ ಇದೆ ಎಂದು ಪ್ರಣೀತ್ ಹಿಂದೊಮ್ಮೆ ಹೇಳಿದ್ದು ನೆನಪಿಗೆ ಬಂತು. ಕೈ ಹಿಂದೆಗೆದು ಹಡಗಿನ ಉಪಗ್ರಹ ಫೋನಿಗೆ ಕರೆ ಮಾಡಿದಳು. ನಾಲ್ಕನೆಯ ಸಲಕ್ಕೆ, ಮೂರು ಗಂಟೆ ದಾಟಿದ ಮೇಲೆ, ತಮ್ಮನ ದನಿ ಕೇಳಿಸಿತು. ಬ್ಯಾಟರಿ ಮುಗಿಯುತ್ತ ಬಂದಿದೆ ಎಂದ.

"ಆ ನೋಟೀಸ್ ಓದ್. ಒಂದೊಂದೇ ಅಕ್ಷರ," ಎಂದಳು.

"ಗಾಳಿ ಜಾಸ್ತಿ ಇತ್ತ್ ಅಕ್ಕ. ನಿಧಾನ ಓದ್ತೆ."

ಮೊದಲಿನ ಆರು ಅಕ್ಷರ ಅವಳ ಬಳಿ ಇದ್ದುದಕ್ಕೆ ತಾಳೆಯಾದವು. ಸುಕೇಶಣ್ಣ ಉಸಿರುಬಿಟ್ಟರು. ಏಳನೆಯದು ಬಿ ಎಂದ ಪ್ರಣೀತ್. ಅವಳ ಮುಂದೆ ಒಂಬತ್ತು ಎಂದಿತ್ತು. ಇನ್ನೊಮ್ಮೆ ಓದಿಸಿದಳು. ಅಲ್ಲಿಂದ ಮುಂದೆ ಒಂದೂ ಹೊಂದಲಿಲ್ಲ. ಕೊನೆಯ ಆರು ಮತ್ತೆ ಅಚ್ಚುಕಟ್ಟಾಗಿ ಹೊಂದಿದವು.

ನಲವತ್ತೆರಡು ಅಕ್ಷರಗಳ ವಿಳಾಸವನ್ನು ಯಾರೂ ಪೂರ್ತಿ ಓದುವುದಿಲ್ಲ, ತಲೆ ಬಾಲ ನೋಡಿ ಸುಮ್ಮನಾಗುತ್ತಾರೆ. ಅದನ್ನು ಬಲ್ಲವರೊಬ್ಬರು ತಲೆ ಬಾಲ ಮಾತ್ರ ಒಂದೇ ಇರುವ ವಿಳಾಸ ಸೃಷ್ಟಿಸಿದ್ದರು. ಏಜೆಂಟರ ಫೋನು ಹಿಂದಿನ ದಿನವೇ ಕಳ್ಳರ ಕೈ ಸೇರಿತ್ತೆಂದು ಆಮೇಲೆ ತಿಳಿಯಿತು.

ಪ್ರಣೀತ್ ಓದಿದ್ದನ್ನೆಲ್ಲ ಅವಳು ಬರೆದುಕೊಂಡಳು. ಮತ್ತೊಮ್ಮೆ ಕೇಳಬೇಕೆನ್ನುವಷ್ಟರಲ್ಲಿ ಫೋನು ಸತ್ತಿತು. ಗಂಟೆ ಮೂರೂ ಇಪ್ಪತ್ತೆರಡು.

ಈಗ ಸರಿಯಾದ ವಿಳಾಸ ಸಿಕ್ಕಿತಲ್ಲ, ನೆರಳು ಗಿರಳು ಬಿಟ್ಟು ನೇರ ಕಳಿಸು ಎಂದರು ಸುಕೇಶಣ್ಣ. ಧನ್ವಿತಾ ಹಾಳೆಯನ್ನು ನೋಡಿದಳು. ಬಿ, ಡಿ, ಇ. ಆ ಗಾಳಿಯ ಸದ್ದಿನಲ್ಲಿ ಮೂರೂ ಒಂದೇ ಥರ ಕೇಳಿಸಿದ್ದವು. ಒಂದೇ ಒಂದು ತಪ್ಪಿದ್ದರೂ ಹನ್ನೊಂದು ಮನೆಗಳ ಬಂಗಾರ ಮಾರಿದ ಹಣ ಗಾಳಿಗೆ ಹೋದಂತೆಯೇ, ಎರಡನೆಯ ಸಲ ಕೂಡಿಸುವುದು ಯಾರಿಂದಲೂ ಆಗದು. ಈಗ ನೆರಳು ಹೊರಟರೆ ಮುಟ್ಟುವುದು ನಾಲ್ಕು ಗಂಟೆ ಎರಡು ನಿಮಿಷಕ್ಕೆ.

ಅವಳು ಸುಕೇಶಣ್ಣನ ಮುಖ ನೋಡದೆ ನೆರಳನ್ನು ಹೊರಡಿಸಿದಳು. ಅವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು.

ನಾಲ್ಕು ಗಂಟೆ ಎರಡು ನಿಮಿಷಕ್ಕೆ ಪರದೆಯಲ್ಲಿ ರಸೀತಿ ಮೂಡಿತು. ಅದರ ಬೆನ್ನಿಗೇ ನಿಜವಾದ ಹಣ ದಾಟಿತು. ಎರಡು ನಿಮಿಷದ ಮುಂಚೆ ದೋಣಿ ಇವರ ಹಡಗನ್ನು ಬಿಟ್ಟು ಬೇರೆ ಹಡಗುಗಳತ್ತ ಹೊರಟುಹೋಗಿತ್ತು.

ಒಂಬತ್ತು ದಿನ ಆ ಹನ್ನೊಂದು ಮಂದಿ ಐದು ದಿನದ ನೀರಿನಲ್ಲಿ, ಬೆಳಗಿನ ಹೊತ್ತು ಡೆಕ್ಕಿನ ಕಬ್ಬಿಣಕ್ಕೆ ಕೂತ ಇಬ್ಬನಿಯನ್ನು ಬಟ್ಟೆಯಿಂದ ಒರೆಸಿ ಹಿಂಡಿಕೊಂಡು ಬದುಕಿದರು. ಸುಕೇಶಣ್ಣನ ಮಗನಿಗೆ ಮೂತ್ರಪಿಂಡದ ತೊಂದರೆ ಹತ್ತಿಕೊಂಡು ಊರಿಗೆ ಬಂದ ಮೇಲೂ ತಿಂಗಳುಗಟ್ಟಲೆ ಆಸ್ಪತ್ರೆ ತಿರುಗಬೇಕಾಯಿತು. ಸುಕೇಶಣ್ಣ ಸಂಘಕ್ಕೆ ಬರುವುದನ್ನು ಬಿಟ್ಟರು. ಎಲುಬು ಕಾಣುವಷ್ಟು ಸೊರಗಿ ಬಂದ ಪ್ರಣೀತ್ ಅಕ್ಕನ ಮನೆಯಲ್ಲಿ ಉಂಡು ಕೈತೊಳೆದು ಒಂದೇ ಮಾತು ಹೇಳಿದ: "ನಾನ್ ಸಮಾ ಓದಿದ್ದೆ ಅಲ್ದಾ ಅಕ್ಕ." ಅವನು ಹೇಳಿದ್ದು ನಿಜ.

ಮಳೆಗಾಲಕ್ಕೆ ಮುನ್ನ ಡಾ. ಶಾಕಿರಾ ಗಂಗೊಳ್ಳಿಗೆ ಬಂದು ನಡೆದದ್ದನ್ನೆಲ್ಲ ಬರೆದುಕೊಂಡರು. ನಲವತ್ತು ನಿಮಿಷವನ್ನು ನಾಲ್ಕಕ್ಕೆ ಇಳಿಸಲು ನೋಡುತ್ತಿರುವುದಾಗಿ ಹೇಳಿದರು. ಹೊಸ ಯಂತ್ರ ಶುರುವಾಗುವ ಮುನ್ನ ಒಂದು ಪ್ರಶ್ನೆ ಕೇಳುತ್ತದೆ ಎಂದರು: ಈ ವಿಳಾಸವನ್ನು ಯಾರ ಬಾಯಿಂದ ಕೇಳಿದಿರಿ?

ಅದಾದ ಕೆಲವು ದಿನಕ್ಕೆ ಹೊನ್ನಾವರದ ಕಡೆಯ ಒಬ್ಬ ಹೆಂಗಸು ಧನ್ವಿತಾಳಿಗೆ ಫೋನು ಮಾಡಿದಳು. ಅದೇ ಮಾಲೀಕನ ಇನ್ನೊಂದು ಹಡಗಿನಲ್ಲಿ ಅವಳ ಗಂಡನಿದ್ದ. ಆ ಹಡಗಿನವರ ಮನೆಗಳಿಗೂ ಆವತ್ತೇ ಅದೇ ಸಂದೇಶ ಬಂದಿತ್ತು. ಹಣ ಹನ್ನೊಂದು ಸೆಕೆಂಡಿನಲ್ಲಿ ಹೋಗಿತ್ತು. ಗಂಡ ಇನ್ನೂ ಹಡಗಿನಲ್ಲೇ ಇದ್ದ. ತಮ್ಮ ಬಳಿ ಆ ಯಂತ್ರ ಇರಲಿಲ್ಲ, ಇದ್ದಿದ್ದರೆ ಉಳಿಯುತ್ತಿದ್ದೆವು ಎಂದು ಅತ್ತಳು. ಮೋಸವೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು.

ಸುಳ್ಳು ಹೇಳಲು ಧನ್ವಿತಾಳಿಗೆ ಮನಸ್ಸಾಗಲಿಲ್ಲ. ಯಂತ್ರಕ್ಕೆ ಅನುಮಾನವಷ್ಟೇ ಬಂದದ್ದು, ಗೊತ್ತಾದದ್ದು ತಮ್ಮನಿಗೆ ಫೋನು ಮಾಡಿ ನೋಟೀಸು ಓದಿಸಿದಾಗ ಎಂದಳು.

"ನಮ್ಮವರ ಹಡಗಲ್ಲೂ ನೋಟೀಸು ಅಂಟಿಸಿತ್ತು," ಎಂದಳು ಆ ಹೆಂಗಸು. "ಆವತ್ತು ಮಧ್ಯಾಹ್ನ ನನ್ನ ಹತ್ರ ಅರ್ಧ ಗಂಟೆ ಮಾತಾಡಿದ್ರು. ಅದರಲ್ಲಿ ಏನಿದೆ ಅಂತ ನಾನು ಕೇಳ್ಲೇ ಇಲ್ಲ."