ಕೆಂಪು ಚೀಟಿಯ ಹುಳು

ವಾಚಕ ಮಹಾಶಯರೇ, ಕೊಲೆಯಿಲ್ಲದ, ಒಡವೆಯಿಲ್ಲದ ಒಂದು ಪ್ರಕರಣವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಕಳುವಾದದ್ದು ಸಗಣಿ ಹುಳುವೆಂದು ತಾತ್ಸಾರ ಮಾಡಬಾರದಾಗಿ ವಿನಂತಿ.

೧೯೮೧ರ ಜನವರಿ ೧೯, ಸೋಮವಾರ. ತಿಪಟೂರು ಠಾಣೆಗೆ ಪ್ರಾಣಿಶಾಸ್ತ್ರದ ಅಧ್ಯಾಪಕ ರೇವಣಸಿದ್ದಯ್ಯ ಬಂದು, ಕಾಲೇಜಿನ ಪೆಟ್ಟಿಗೆಯಲ್ಲಿದ್ದ ಹುಳು ಕಳುವಾಗಿದೆಯೆಂದು ದೂರು ಕೊಟ್ಟರು.

"ಹೊಸ ಜಾತಿಗೆ ಹೆಸರಿಡುವಾಗ ಒಂದೇ ಒಂದು ಹುಳುವನ್ನು ಸಾಕ್ಷಿಯಾಗಿ ಇಡಬೇಕು. ಅದಕ್ಕೇ ಕೆಂಪು ಚೀಟಿ. ಹೆಸರು ನಿಲ್ಲುವುದು ಅದರ ಮೇಲೆ. ಬುಧವಾರ ಕಲ್ಕತ್ತಾದ ತಜ್ಞರು ಅದನ್ನು ನೋಡಲು ಬರುತ್ತಾರೆ."

ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಕೆಂಚಪ್ಪನಿಗೆ ನಗು ತಡೆಯಲಿಲ್ಲ. "ನಮ್ಮ ತಿಪ್ಪೇಲಿ ಬೊಗಸೆ ತುಂಬ ಸಿಕ್ತವೆ ಸಾರ್, ಹಿಡ್ಕೊಂಡು ಬರ್ಲಾ?"

"ಬಾಯ್ಮುಚ್ಚಿ ಜೀಪ್ ಹತ್ತಯ್ಯ," ಎಂದರು ಸಬ್‌ಇನ್‌ಸ್ಪೆಕ್ಟರ್ ಬೆಟ್ಟಸ್ವಾಮಿ.

ಕಾಲೇಜಿನಲ್ಲಿ ಪಂಚನಾಮೆ ನಡೆಯಿತು. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಹುಳುವನ್ನು ಚುಚ್ಚಿ ನಿಲ್ಲಿಸಿದ್ದ ಸೂಜಿಯನ್ನು ಕಿತ್ತಿರಲೂ ಇಲ್ಲ. ಹುಳುವಿನ ಕಾಲು ಮುರಿಯದಂತೆ ಅಡಿಯ ಬೆಂಡನ್ನೇ ಕೊರೆದು ಒಯ್ದಿದ್ದರು. ಕಳ್ಳನಿಗೆ ಇಷ್ಟು ಮಮತೆಯೇ? ಬೆಟ್ಟಸ್ವಾಮಿಯ ಮನಸ್ಸಿಗೆ ಅದು ಮುಳ್ಳಿನಂತೆ ಚುಚ್ಚಿತು.

ಮರುದಿನ ಹೇಳಿಕೆಗೆ ಸಹಿ ಪಡೆಯಲು ಅಧ್ಯಾಪಕರ ಬಾಡಿಗೆ ಕೋಣೆಗೆ ಹೋದರು. ಖಾಕಿ ಕಂಡದ್ದೇ ತಡ, ಮನೆಯೊಡತಿ ಪುಟ್ಟಗಂಗಮ್ಮ ತಮ್ಮ ದೂರು ತೆಗೆದರು.

"ನಮ್ಮ ಕೊಬ್ಬರಿಗೆ ಅದೇನೋ ನುಸಿಗುಳಿಗೆ ವಾಸನೆ ಹತ್ಬುಟ್ಟೈತೆ ಕಣಪ್ಪ! ಬೆಳಿಗ್ಗೆ ಮಂಡಿಯೋರು ಮೂಸಿ ನೋಡಿ, ಬ್ಯಾಡ ಅಂತ ಹೋದ್ರು."

ಬೆಟ್ಟಸ್ವಾಮಿ ನಿಂತಲ್ಲೇ ನಿಂತರು. ಈ ಸೀಮೆಯಲ್ಲಿ ಕೊಬ್ಬರಿ ಅಟ್ಟದ ಹತ್ತಿರ ನುಸಿಗುಳಿಗೆ ಸುಳಿಯಗೊಡುವವರು ಯಾರೂ ಇಲ್ಲ. ಆದರೆ ಹುಳು ಕಾಯುವವನು ಅದಿಲ್ಲದೆ ಡಬ್ಬಿ ಮುಚ್ಚಲಾರ. ಕೆಂಚಪ್ಪ ಅಟ್ಟ ಹತ್ತಿ, ಕಾಯಿಗಳ ಸಂದಿಯಿಂದ ಒಂದು ತಗಡಿನ ಡಬ್ಬಿ ತಂದ. ಒಳಗೆ ನುಸಿಗುಳಿಗೆ, ಬೆಂಡು, ಕೆಂಪು ಚೀಟಿ, ಕಡಲೆಕಾಳಿನಷ್ಟು ಕರಿ ಹುಳು.

"ನೀವೇ?" ಬೆಟ್ಟಸ್ವಾಮಿ ಅಧ್ಯಾಪಕರತ್ತ ತಿರುಗಿದರು.

"ನಾನೇ."

"ಏಕೆ?"

"ಇದೇ ಜಾತಿಗೆ ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟಿದ್ದಾರೆಂದು ಕಲ್ಕತ್ತಾದವರ ಅನುಮಾನ. ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಹಳೆಯ ಹೆಸರೇ ನಿಲ್ಲುವುದು ನಿಯಮ."

"ನೀವಿಟ್ಟ ಹೆಸರು?"

ರೇವಣಸಿದ್ದಯ್ಯ ತಲೆ ತಗ್ಗಿಸಿದರು. "ಚಿಕ್ಕಗೌರಮ್ಮ. ನನ್ನಾಕೆ. ದಂಡಿನಶಿವರದ ಗೋಮಾಳದಲ್ಲಿ ಸಗಣಿ ಕೆದಕಿ ಇದನ್ನು ಹಿಡಿದವಳು ಅವಳೇ. ಅದೇ ವರ್ಷ ಹೋಗಿಬಿಟ್ಟಳು. ಮಕ್ಕಳಿಲ್ಲ."

"ಹೆಸರು ಅಳಿಸಿಬಿಡುತ್ತಾರೆಯೇ?"

"ಇಲ್ಲ, ಹಳೆಯದರ ಕೆಳಗೆ ಅಚ್ಚಾಗಿರುತ್ತದೆ. ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೇ."

ಕಾಲೇಜಿನ ಸ್ವತ್ತಿನ ಕಳವು, ಸುಳ್ಳು ದೂರು. ದಸ್ತಗಿರಿ ಮಾಡದೆ ವಿಧಿಯಿರಲಿಲ್ಲ. ಜಪ್ತಿ ಪಂಚನಾಮೆ ಬರೆಯಲು ಕುಳಿತ ಕೆಂಚಪ್ಪ ಕೇಳಿದ, "ಏನಂತ ಬರೀಲಿ ಸಾರ್, ಸಗಣಿ ಹುಳ ಒಂದು ಅಂತ್ಲಾ?" ಈಗ ಅವನ ದನಿಯಲ್ಲಿ ನಗುವಿರಲಿಲ್ಲ.

ಬೆಟ್ಟಸ್ವಾಮಿ ಡಬ್ಬಿಯ ಮುಚ್ಚಳ ಹಾಕಿದರು. "ಹೆಸರು ಹಾಕಯ್ಯ. ನಾಳೆವರೆಗೂ ಅದೇ ಹೆಸರು."

ಮಹಾಶಯರೇ, ಪ್ರಕರಣ ಇಲ್ಲಿಗೆ ಮುಗಿಯಿತು; ಊರೂರು ತಿರುಗಿ ಕಥೆ ಹೇಳುವ ನನ್ನ ಚೀಲ ಕಟ್ಟಿದ್ದಾಯಿತು. ಶೆಟ್ಟಿಕೆರೆಯ ಬಸ್ಸು ಬಂದಿದೆ. ಪಕ್ಕದ ಸೀಟು ಖಾಲಿ, ಬರುವವರು ಬರಬಹುದು. ಹೊರಡುತ್ತೇನೆ.