ಕಣ್ಣಂಚಿಗೆ ಸಿಗದವಳು

ಚಹಾದ ಟ್ರೇ ಹಿಡಿದ ಕೈ ನೋಯತೊಡಗಿತ್ತು. ಅವನು ಕಪ್ಪು ತೆಗೆದುಕೊಳ್ಳಲೇ ಇಲ್ಲ.

ಬಬಲೇಶ್ವರದ ಆ ಮನೆಯ ಪಡಸಾಲೆ ತುಂಬ ಜನ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಬ್ಬು. ಕನ್ಯಾ ನೋಡಲು ಬಂದ ಪ್ರತಾಪ ಎದುರಿನ ಬಾಗಿಲನ್ನೇ ನೋಡುತ್ತ ಕೂತಿದ್ದ. ಅವನ ಎಡಮಗ್ಗುಲಿಗೆ ಬಗ್ಗಿ ನಿಂತಿದ್ದಳು ಆಮ್ರಪಾಲಿ.

ತಲೆ ಎತ್ತಬೇಡ, ಬಾಯಿ ಬಿಡಬೇಡ ಎಂದು ಅವ್ವ ತಿಪ್ಪವ್ವ ಬೆಳಗಿನಿಂದ ಹೇಳಿ ಹೇಳಿ ಅವಳ ಕಿವಿ ತೂತಾಗಿತ್ತು. ಅವಳು ನೆಲವನ್ನೇ ನೋಡುತ್ತ ಕಾದಳು. ಒಂದು ಕೈ ಮುಂದೆ ಬರಲಿ ಎಂದು ಕಾದಳು... ಬರಲಿಲ್ಲ. ಟ್ರೇ ಹಿಡಿದು ಪಕ್ಕದವರ ಕಡೆ ಸರಿದಳು.

ಹುಡುಗಿ ಕೊಟ್ಟ ಚಹಾ ಮುಟ್ಟಲಿಲ್ಲ ಎಂದರೆ ಒಲ್ಲೆ ಎಂದ ಹಾಗೆಯೇ. ಇದಕ್ಕೆ ಪಂಚಾಂಗ ಬೇರೆ ನೋಡಬೇಕೆ?

ಫೋನಿನಲ್ಲಿ ಎಷ್ಟು ಮಾತಾಡಿದ್ದ ಮನುಷ್ಯ! ಕಳ್ಳಕವಟಗಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನ ಫೋಟೊ ಮನೆಗೆ ಬಂದ ದಿನದಿಂದ ಸಂಜೆಯಾದರೆ ಅವನ ಕರೆ. ಅವನ ದನಿಯಲ್ಲಿ ಒಂದು ನಿಧಾನವಿತ್ತು, ಮಾತಿನ ನಡುವೆ ಸುಮ್ಮನೆ ನಗುತ್ತಿದ್ದ. ಆಮ್ರಪಾಲಿ ಅವನನ್ನು ಕಾಣುವ ಮೊದಲೇ ಸೋತಿದ್ದಳು.

ಆ ದಿನದ ನಂತರ ಫೋನು ಬರಲಿಲ್ಲ. ಇವಳೂ ಮಾಡಲಿಲ್ಲ, ಸ್ವಾಭಿಮಾನ ನೋಡಿ! ಆದರೆ ಸಂಜೆ ವಿಜಯಪುರದಿಂದ ಮನೆಗೆ ಬರುವ ಬಸ್ಸಿನಲ್ಲಿ ಯಾರ ಫೋನು ಸದ್ದಾದರೂ ಅವಳ ಕೈ ಚೀಲಕ್ಕೆ ಹೋಗುತ್ತಿತ್ತು. ‘ಒಲ್ಲೆ ಅಂದವನ ದನಿ ಯಾಕ ಬೇಕು ನನಗ...’ ಎಂದು ಬೈದುಕೊಂಡೇ ಅವನ ಹೆಸರನ್ನು ತೆರೆದು ನೋಡಿ ಮುಚ್ಚುತ್ತಿದ್ದಳು. ಬೇರೆ ಸಂಬಂಧ ಬಂದರೆ ತಲೆನೋವೆಂದು ಮಲಗುತ್ತಿದ್ದಳು.

ವಿಜಯಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಅವಳ ಕೆಲಸ. ಕತ್ತಲೆ ಕೋಣೆಯಲ್ಲಿ ಬಟ್ಟಲಿನಂಥ ಯಂತ್ರದ ಮುಂದೆ ರೋಗಿಗಳನ್ನು ಕೂರಿಸಿ, ನೋಟ ಎಷ್ಟು ಅಗಲವಿದೆ ಎಂದು ಅಳೆಯುವುದು. ನಡುವಿನ ದೀಪವನ್ನೇ ನೋಡಬೇಕು, ಮಗ್ಗುಲಲ್ಲಿ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು.

ಒಂದು ದಿನ ಬಾಗಿಲಲ್ಲಿದ್ದ ಸ್ಟೂಲನ್ನು ಎಡವಿ ಒಳಗೆ ಬಂದವನು ಪ್ರತಾಪ.

ಅವಳು ಬೇರೆ ರೋಗಿಗಳೊಡನೆ ಮಾತಾಡುವ ಹಾಗೆ ದನಿ ಗಟ್ಟಿ ಮಾಡಿಕೊಂಡು, ಗದ್ದ ಇಲ್ಲಿ ಇಡಬೇಕೆಂದು ತೋರಿಸಿದಳು. ಅವಳ ದನಿ ಕೇಳಿದೊಡನೆ ಅವನಿಗೆ ಗುರುತು ಸಿಕ್ಕಿತು. ಟಿಕೋಟಾ ರಸ್ತೆಯಲ್ಲಿ ಮಗ್ಗುಲಿಂದ ಬಂದ ಎಮ್ಮೆ ಕಾಣದೆ ಬೈಕಿನಿಂದ ಬಿದ್ದೆ, ಅದಕ್ಕೇ ಬಂದೆ ಎಂದು ನೆಲಕ್ಕೆ ಹೇಳಿದ ಹಾಗೆ ಹೇಳಿದ.

ಪರೀಕ್ಷೆ ಶುರುವಾಯಿತು. ಎಡಕ್ಕೆ ಬೆಳಕು ಮಿನುಗಿತು, ಅವನು ಒತ್ತಲಿಲ್ಲ. ಬಲಕ್ಕೆ, ಮೇಲೆ, ಕೆಳಗೆ... ಒತ್ತಲಿಲ್ಲ. ನಡುವಿನ ಸಣ್ಣ ದುಂಡಿನಲ್ಲಿ ಮಿನುಗಿದಾಗ ಮಾತ್ರ ಒತ್ತಿದ. ಮಗ್ಗುಲಿನದು ಯಾವುದೂ ಅವನಿಗೆ ಕಾಣುತ್ತಿರಲಿಲ್ಲ.

“ನನಗ ಒಂದ ಮಾತ ಹೇಳು,” ಎಂದ ಪ್ರತಾಪ, ಯಂತ್ರದಿಂದ ಮುಖ ತೆಗೆದು. “ಎಲ್ಲಾರಿಗೂ ಚಾ ಕೊಟ್ಟಿ. ನನಗೊಬ್ಬಂಗ ಯಾಕ ಕೊಡಲಿಲ್ಲ? ಒಲ್ಲದಿದ್ರ ಫೋನಿನ್ಯಾಗ ಹೇಳಬೇಕಿತ್ತು.”

“ಕೊಟ್ಟಿದ್ದೆ,” ಎಂದಳು. “ನಿನ್ನ ಎಡಕ್ಕ ನಿಂತಿದ್ದೆ.”

ದಿನವೆಲ್ಲ ಊರವರ ಕಣ್ಣು ನೋಡುವವಳು! ಅಂದು ಪಡಸಾಲೆಯಲ್ಲಿ ಒಮ್ಮೆ ತಲೆ ಎತ್ತಿ ಅವನ ಕಣ್ಣು ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ಹೆಣ್ಣು ನೆಲ ನೋಡಬೇಕೆಂಬ ರಿವಾಜು ಇಬ್ಬರನ್ನೂ ಇಷ್ಟು ದಿನ ಅಳುವಂತೆ ಮಾಡಿತ್ತು.

ಡಾಕ್ಟರು ಮುಚ್ಚಿಡಲಿಲ್ಲ. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಅಂಚಿನಿಂದ ಒಳಕ್ಕೆ ಸಾಯುತ್ತ ಬಂದಿದೆ, ಹುಟ್ಟಿನಿಂದ ಬಂದ ದೋಷ ಎಂದರು. ಮಾರನೆಯ ದಿನದಿಂದ ಪ್ರತಾಪ ಅವಳ ಕರೆ ಎತ್ತಲಿಲ್ಲ. ಬೇರೆ ಹುಡುಗನನ್ನು ನೋಡಿಕೊಳ್ಳಲಿ ಎಂದು ಹೇಳಿಕಳಿಸಿದ.

ಈ ಸಲ ಆಮ್ರಪಾಲಿ ತಲೆ ತಗ್ಗಿಸಿ ಕಾಯಲಿಲ್ಲ. ಅವನ ಶಾಲೆಗೇ ಹೋಗಿ, ಹಟ ಹಿಡಿದು, ರವಿವಾರ ಮುಂಜಾನೆ ಭೂತನಾಳ ಕೆರೆಯ ದಂಡೆಗೆ ಬರುವಂತೆ ಮಾಡಿದಳು.

ಈ ರೋಗದ ಬಗ್ಗೆ ಓದಿದ್ದನ್ನೆಲ್ಲ ಹೇಳಿದಳು. ಇಂಥ ದೋಷ ತರುವ ಜೀನುಗಳು, ಅಂದರೆ ವಂಶವಾಹಿಗಳು, ಹಲವಾರು, ಒಂದಕ್ಕೆ ಮಾತ್ರ ಈಗ ಔಷಧವಿದೆ, ಕಣ್ಣೊಳಗೆ ಚುಚ್ಚಿ ಸರಿ ಜೀನು ಇಡುತ್ತಾರೆ. ಉಳಿದವಕ್ಕೆ ಪ್ರಯೋಗ ನಡೆದಿದೆ. ಬೆಳಕು ಹಿಡಿಯುವ ಜೀವಕಣಗಳು ಸತ್ತ ಮೇಲೂ ಹಿಂದೆ ಉಳಿದ ಜೀವಕಣಗಳಿಗೇ ಬೆಳಕು ಗುರುತಿಸುವುದನ್ನು ಕಲಿಸಲು ನೋಡುತ್ತಿದ್ದಾರೆ. ರಕ್ತ ಕೊಟ್ಟು ನಿನ್ನದು ಯಾವ ಜೀನು ಎಂದು ಮೊದಲು ತಿಳಿಯೋಣ ಎಂದಳು.

“ಆಗೇ ಆಗತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ.”

“ಆಗಲಿಲ್ಲಂದ್ರ? ಈ ನಡುವಿನ ನೋಟನೂ ಒಂದಿನ ಹೋಗತೈತಿ. ಜಲ್ಮಪೂರ್ತಿ ನೀ ನನ್ನ ಕೈ ಹಿಡದು ಅಡ್ಡಾಡಸಬೇಕು. ನಿನಗ್ಯಾಕ ಅದು?”

“ನನಗ ಬ್ಯಾಡಾದ್ರ ನಾ ಹೇಳತೀನಿ. ನನ್ನ ಪರವಾಗಿ ನೀ ಹೇಳಬ್ಯಾಡ.”

ಅವನು ಅವಳ ಕಡೆ ತಿರುಗಿದ. ಆಮೇಲೆ ಮೆಲ್ಲಗೆ, “ಹಿಂದಕ್ಕ ಸರಿ,” ಎಂದ.

ಅವಳು ಸರಿದಳು.

“ಇನ್ನೂ ಸರಿ.”

ಕಣ್ಣು ತುಂಬಿ ಬಂದವು. ಇಷ್ಟೇ ಏನು ನನ್ನ ಹಣೆಬರಹ, ಎಂದುಕೊಂಡು ದಾರಿಯ ಕಡೆ ಹೊರಳಿದಳು.

“ಹೊಳ್ಳಬ್ಯಾಡ... ನಿಂದ್ರು ಅಲ್ಲೇ. ಹತ್ರ ಇದ್ರ ಬರೇ ಮೂಗು ಕಾಣತೈತಿ, ಇಲ್ಲಾ ಒಂದ ಕಣ್ಣು. ದೂರ ನಿಂತ್ರ ನೀ ಪೂರಾ ಕಾಣತಿ. ನಾ ನಿನ್ನ ಒಮ್ಮಿನೂ ಪೂರಾ ನೋಡಿಲ್ಲ.”

ಅವಳು ನಿಂತಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಅವನು ನೋಡುತ್ತಲೇ ಇದ್ದ.

“ಆತು,” ಎಂದ ಕೊನೆಗೆ. “ಈಗ ಬಾ.”

“ಹತ್ರ ಬಂದ್ರ ಕಾಣಂಗಿಲ್ಲ ಅಂದೀ?”

“ಕಾಣದಿದ್ರೂ ಆತು, ಬಾ.”