ಅವನ ಚೀಲಕ್ಕೆ ಸುರಿದ ಎಣ್ಣೆ

ಗೌಜಲಕ್ಕಿ ಸಾಕುವವನು ಫೀಡ್ ಗಿರಣಿಯ ಬಾಗಿಲಲ್ಲಿ ನಿಂತು ಮರಿ ಮಾರಿದವನನ್ನು ಬೈಯುತ್ತಿದ್ದ. ಕೆಟ್ಟ ತಳಿ ಕೊಟ್ಟಿದ್ದಾನೆ, ಮೊಟ್ಟೆ ಅರ್ಧಕ್ಕೆ ಇಳಿದಿದೆ, ನಾಳೆ ಇಡೀ ಹಿಂಡನ್ನು ಮಾಂಸಕ್ಕೆ ತೂಗಿ ಮಾರಿಬಿಡುತ್ತೇನೆ ಎಂದ.

ಫೀಡ್ ಬೆರೆಸುವ, ಗಿರಣಿಯವನ ತಂಗಿಯತ್ತ ನೋಡಿದಾಗ ಮಾತ್ರ ಅವನ ದನಿ ತಗ್ಗಿತು. "ಫೀಡಿಗೆ ಹೆಸರಿಡೋ ಹಾಗಿಲ್ಲ. ನಿಮ್ಮ ಕೈಯಿಂದ ಬಂದಿದ್ದು."

ಬೇರೆ ದಿನವಾಗಿದ್ದರೆ ಆ ಮಾತನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದಳು. ಇವತ್ತು ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಹಕ್ಕಿಗಳು ತಟ್ಟೆಯಲ್ಲಿ ಫೀಡ್ ಉಳಿಸುತ್ತಿವೆಯೇ ಎಂದು ಕೇಳಿದಳು. ಉಳಿಸುತ್ತಿವೆ, ಆದರೂ ಚೆಂಡಿನ ಹಾಗೆ ಉಬ್ಬಿವೆ ಎಂದ ಅವನು.

ಎಲ್ಲರ ಚೀಲಕ್ಕೂ ಅಣ್ಣ ಹೇಳಿದ ಅಳತೆ. ಇವನ ಚೀಲಕ್ಕೆ ಮಾತ್ರ, ಅಣ್ಣ ಆಚೆ ತಿರುಗಿದಾಗ, ಅವಳು ಇನ್ನಷ್ಟು ಎಣ್ಣೆ ಸುರಿಯುತ್ತಿದ್ದಳು. ಹಕ್ಕಿ ಮೈಗೆ ಬೇಕಾದ ಶಕ್ತಿ ಸಿಕ್ಕ ಕೂಡಲೇ ಕೊಕ್ಕು ಎತ್ತಿಬಿಡುತ್ತದೆ. ಎಣ್ಣೆ ಹೆಚ್ಚಾದರೆ ತಿನ್ನುವುದು ಕಡಿಮೆ, ಮೊಟ್ಟೆಗೆ ಬೇಕಾದ ಪ್ರೋಟೀನ್ ಹೊಟ್ಟೆಗೇ ಹೋಗುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಸುರಿದಳು. ಇಷ್ಟಪಟ್ಟವರಿಗೆ ತಲೆ ಎಲ್ಲಿರುತ್ತದೆ?

ಅಣ್ಣ ತಕ್ಕಡಿಯ ಹತ್ತಿರವೇ ಇದ್ದ. ಗಿರಾಕಿಗಳೂ ಇದ್ದರು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಹಕ್ಕಿಗಳ ಕತ್ತು ಹೋಗುತ್ತಿತ್ತು, ಅಷ್ಟೇ.

"ಮರಿ ಕೊಟ್ಟವರನ್ನ ಬೈಬೇಡಿ," ಎಂದಳು. "ನಿಮ್ಮ ಚೀಲಕ್ಕೆ ನಾನೇ ಎಣ್ಣೆ ಜಾಸ್ತಿ ಹಾಕ್ತಿದ್ದೆ."

ಯಾರನ್ನು ಕೇಳಿ ಹಾಕಿದೆ ಎಂದು ಅಣ್ಣ ಗದರಿದ. ಅವಳು ನೆಲ ನೋಡಿದಳು.

"ಎಲ್ಲರಿಗೂ ಹಾಕ್ತೀರಾ?" ಹಕ್ಕಿ ಸಾಕುವವನು ಕೇಳಿದ.

"ಇಲ್ಲ."

"ನಂಗೊಬ್ಬನಿಗೇನಾ?"

ಅವಳ ಕಿವಿ ಸುಡುತ್ತಿತ್ತು. ಅವನ ಸಿಟ್ಟು ಊರಿಗೇ ಗೊತ್ತು. ಈಗ ಸಿಡಿಯುತ್ತಾನೆ ಎಂದು ಎಲ್ಲರೂ ಕಾದರು. ಅವನು ಕತ್ತು ಉಜ್ಜಿಕೊಂಡ.

"ಬಾಯಲ್ಲಿ ಒಂದು ಮಾತು ಹೇಳಬಾರದಿತ್ತಾ? ಪಾಪದ ಹಕ್ಕಿಗಳಿಗೆ ಯಾಕೆ ತಿನ್ನಿಸಿದ್ರಿ?"

ಗಿರಾಕಿಗಳು ನಕ್ಕರು. ಅವಳು ಸರ್ರನೆ ಒಳಗೆ ಹೊರಟಳು. ಅವನು ಹಿಂದೆಯೇ ಬಂದ. ಈಗ ಅವನ ಮುಖವೂ ಕೆಂಪಾಗಿತ್ತು.

"ಒಂದೇ ಸಲಕ್ಕೆ ಗಾಡೀಲಿ ಒಯ್ಯಬಹುದಾದ ಫೀಡನ್ನ ನಾನು ದಿನಾ ಒಂದೊಂದೇ ಚೀಲ ಯಾಕೆ ಒಯ್ತಿದ್ದೆ ಅಂದ್ಕೊಂಡ್ರಿ?"

ಅವಳಿಗೆ ತಲೆ ಎತ್ತಲು ಆಗಲಿಲ್ಲ. ಹಿಂಡನ್ನು ಮಾರಬೇಡಿ, ಸರಿಯಾದ ಅಳತೆಯಲ್ಲಿ ಬೆರೆಸಿ ಕೊಡುತ್ತೇನೆ ಎಂದಷ್ಟೇ ಹೇಳಿ, ಸೋಯಾ ಹಿಂಡಿಯ ಮೂಟೆ ಎಳೆಯಲು ಬಗ್ಗಿದಳು. ಮೂಟೆಯ ಇನ್ನೊಂದು ತುದಿಯನ್ನು ಅವನು ಹಿಡಿದ.

ತಕ್ಕಡಿಯ ಹತ್ತಿರದಿಂದ ಅದನ್ನು ಕಂಡ ಅಣ್ಣ ಬೇರೆ ಕಡೆ ನೋಡಿದ.